ಉಪ್ಪಾಗೆ ರಸ ತುಂಬಿಡಲು ಯಾವ ಟ್ಯಾಂಕ್ ಒಳ್ಳೆಯದು? ಸ್ಟೀಲಾ, ಪ್ಲಾಸ್ಟಿಕ್ಕಾ? ಗೊತ್ತಿದ್ದವರು ಹೇಳಿ

ಸಿದ್ದಾಪುರ_ಸೀಮೆ

ಎಲ್ಲರಿಗೂ ನಮಸ್ಕಾರ. ನಮ್ಮದು ಉತ್ತರ ಕನ್ನಡದ ಸಿದ್ದಾಪುರ ಕಡೆ. ಊರಿನ ಕೆಲವು ಮನೆಯವರು ಸೇರಿ ಉಪ್ಪಾಗೆ (ಅಡುಗೆಗೆ ಹಾಕುವ ಹುಳಿ ಹಣ್ಣು) ಸಿಪ್ಪೆ ಒಣಗಿಸಿ ಮಾರುತ್ತಾ ಬಂದಿದ್ದೇವೆ. ಹಣ್ಣು ಬೀಳೋದೇ ಮಳೆಗಾಲದಲ್ಲಿ. ಬಿಸಿಲು ಇರಲ್ಲ, ಒಲೆ ಮೇಲಿನ ಅಟ್ಟದಲ್ಲಿ ಹೊಗೆ ಹಾಕಿ ಒಣಗಿಸಬೇಕು, ಸೌದೆ ಎಷ್ಟಿದ್ದರೂ ಸಾಲದು. ಅಷ್ಟು ಮಾಡಿದ ಮೇಲೂ ವ್ಯಾಪಾರಿ ಹೇಳಿದ್ದೇ ರೇಟು.

ಈಗ ಬೆಂಗಳೂರಿನ ಒಂದು ಕಂಪನಿಯವರು ಸಿಪ್ಪೆ ಬೇಡ, ನೀವೇ ನೀರಿನಲ್ಲಿ ರಸ ತೆಗೆದು ಗಟ್ಟಿ ಮಾಡಿ ಕೊಡಿ ಅಂದಿದ್ದಾರೆ. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ (ಎಚ್‌ಸಿಎ ಅಂತಾರಲ್ಲ) ಬೇರೆ ಮಾಡಿ, ಪುಡಿ ಮಾಡಿ, ಸಪ್ಲಿಮೆಂಟ್ ಮಾಡುವವರಿಗೆ ಕೊಡುತ್ತಾರಂತೆ. ರಸ ತೆಗೆಯೋದು, ಕಾಯಿಸೋದು ನಮಗೆ ಹೊಸದಲ್ಲ. ಆದರೆ ಲಾರಿ ಬರುವವರೆಗೆ ಎರಡು ಮೂರು ತಿಂಗಳು ಸಾವಿರ ಲೀಟರ್ ಲೆಕ್ಕದಲ್ಲಿ ತುಂಬಿಡಬೇಕು. ಪ್ರತಿ ಲೋಡಿಗೂ ಸೀಸ, ತಾಮ್ರ, ಕಬ್ಬಿಣದ ಲ್ಯಾಬ್ ರಿಪೋರ್ಟ್ ಬೇಕಂತೆ.

ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಪ್ಪು ನೀರಿನ ಟ್ಯಾಂಕ್ ಸಾಕು ಅಂತ ಒಬ್ಬರು. ಪೇಟೆಯಲ್ಲಿ ಹಳೆಯ ನೀಲಿ ಬ್ಯಾರಲ್ ಅಗ್ಗಕ್ಕೆ ಸಿಗುತ್ತೆ, ತೊಳೆದು ಬಳಸಿ ಅಂತ ಇನ್ನೊಬ್ಬರು. ಫ್ಯಾಬ್ರಿಕೇಶನ್‌ನವರು ಸ್ಟೀಲ್ ಮಾಡಿಸಿ, 304 ಗ್ರೇಡ್ ಸಾಕು ಅಂತಾರೆ. ಹಿರಿಯರೊಬ್ಬರು ಸಿಮೆಂಟ್ ತೊಟ್ಟಿ ಕಟ್ಟಿ ಟೈಲ್ಸ್ ಹಾಕಿಸಿ ಅಂದರು. ಸಂಘದ ದುಡ್ಡು, ಒಂದು ಸಲ ಹಾಕಿದರೆ ಮತ್ತೆ ಹಾಕೋಕಾಗಲ್ಲ. ದಯವಿಟ್ಟು ಸರಿಯಾಗಿ ತಿಳಿದವರು ಹೇಳಿ.

ರಸಾಯನ_ಮೈಸೂರು

ಒಳ್ಳೆ ಪ್ರಶ್ನೆ. ಟ್ಯಾಂಕ್ ಮಾಡಿಸಿ ಆದ ಮೇಲೆ ಕೇಳುವವರೇ ಜಾಸ್ತಿ, ನೀವು ಮೊದಲೇ ಕೇಳಿದ್ದೀರಿ.

ಉಪ್ಪಾಗೆ ರಸ ಬಹಳ ಹುಳಿ, ಪಿಎಚ್ ಸುಮಾರು 2ರ ಹತ್ತಿರ (ಈ ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ). ಹುಳಿ ಮಾತ್ರ ಅಲ್ಲ, ಎಚ್‌ಸಿಎ ಸಿಟ್ರಿಕ್ ಆಸಿಡ್‌ನ ದಾಯಾದಿ, ಲೋಹವನ್ನು ಹಿಡಿದು ತನ್ನೊಳಗೆ ಕರಗಿಸಿಕೊಳ್ಳುವ ಗುಣ ಇದೆ. ಹಾಗಾಗಿ ಕೆಲವನ್ನು ಮೊದಲೇ ಪಕ್ಕಕ್ಕಿಡಿ. ತಾಮ್ರ, ಹಿತ್ತಾಳೆ ಬೇಡವೇ ಬೇಡ. ಕಲಾಯಿ ಹಾಕಿಸಿದ್ದೂ ಬೇಡ, ಕಲಾಯಿಯ ತವರದಲ್ಲಿ ಸೀಸ ಬೆರೆತಿದ್ದರೆ ಅದು ನೇರ ರಸಕ್ಕೆ ಇಳಿಯುತ್ತದೆ. ಅಲ್ಯುಮಿನಿಯಂ ಕರಗುತ್ತದೆ. ಜಿಐ ಶೀಟ್‌ನ ಸತುವೂ ಕರಗುತ್ತದೆ. ಮಾಮೂಲಿ ಕಬ್ಬಿಣಕ್ಕೆ ತಾಗಿದರೆ ರಸದ ಟ್ಯಾನಿನ್ ಜೊತೆ ಸೇರಿ ಮಸಿಯ ಹಾಗೆ ಕಪ್ಪಾಗುತ್ತದೆ. ಸಿಮೆಂಟ್ ತೊಟ್ಟಿಯೂ ಆಗಲ್ಲ. ಸಿಮೆಂಟಿನಲ್ಲಿರೋದು ಸುಣ್ಣದ ಅಂಶ, ಹುಳಿ ಅದನ್ನು ತಿಂದು ಹಾಕುತ್ತದೆ. ಟೈಲ್ಸ್ ಹಾಕಿದರೂ ಸಂದಿಯ ಗ್ರೌಟ್ ಮೊದಲು ಹೋಗುತ್ತದೆ, ಆಮೇಲೆ ಟೈಲ್ಸ್ ಹಿಂದೆ ರಸ ನಿಂತು ಕೊಳೆಯುತ್ತದೆ. ಜೊತೆಗೆ ಎಚ್‌ಸಿಎ ಅದೇ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಲವಣವಾಗಿ ತಳಕ್ಕೆ ಕೂರುತ್ತದೆ. ಮಾರಬೇಕಾದ ಮಾಲೇ ಗೋಡೆಗೆ ಹೋದ ಹಾಗೆ.

ಉಳಿಯೋದು ಎರಡು. ಒಳ್ಳೆ ಸ್ಟೇನ್‌ಲೆಸ್ ಸ್ಟೀಲ್, ಇಲ್ಲವೇ ಫುಡ್ ಗ್ರೇಡ್ ಎಚ್‌ಡಿಪಿಇ, ಅಂದರೆ ಗಟ್ಟಿ ಪಾಲಿಎಥಿಲೀನ್ ಪ್ಲಾಸ್ಟಿಕ್. ಫೈಬರ್ ಟ್ಯಾಂಕೂ ಬರುತ್ತದೆ. ಆದರೆ ರೆಸಿನ್ ಸರಿಯಾಗಿ ಗಟ್ಟಿಯಾಗದಿದ್ದರೆ ಸ್ಟೈರೀನ್ ಬಿಡುತ್ತದೆ, ಫುಡ್ ಗ್ರೇಡ್ ಸರ್ಟಿಫಿಕೇಟ್ ಕೊಡುವವರ ಹತ್ತಿರ ಮಾತ್ರ ತೆಗೆದುಕೊಳ್ಳಬೇಕು. ಈ ಅಳತೆಗೆ ಆ ತಲೆನೋವು ಬೇಡ.

ಉತ್ತರ ಹೇಳುವ ಮೊದಲು ನನಗೆ ಒಂದು ವಿಷಯ ಗೊತ್ತಾಗಬೇಕು. ಸಿಪ್ಪೆಗೆ ಉಪ್ಪು ಹಾಕುತ್ತೀರಾ? ನಿಮ್ಮದಕ್ಕೆ ಹಾಕದಿದ್ದರೂ ಹೊರಗಿನಿಂದ ತರುವ ಸಿಪ್ಪೆಯಲ್ಲಿ ಇರುತ್ತದಾ? ಕೇರಳದ ಕಡೆ ಕೊಡಂಪುಳಿಗೆ (ಉಪ್ಪಾಗೆಗೆ ಅಲ್ಲಿನ ಹೆಸರು) ಉಪ್ಪು ಸವರಿ ಇಡುವ ರೂಢಿ ಇದೆ. ನಿಮ್ಮ ಟ್ಯಾಂಕ್ ಯಾವುದಾಗಬೇಕು ಅಂತ ತೀರ್ಮಾನ ಮಾಡೋದು ಆ ಉಪ್ಪೇ.

ಟ್ಯಾಂಕ್_ವೆಲ್ಡರ್_ಹುಬ್ಬಳ್ಳಿ

ಮೈಸೂರು ಸರ್ ಹೇಳಿದ್ದು ಸರಿ. ನಾನು ಡೈರಿ, ಜ್ಯೂಸ್ ಟ್ಯಾಂಕ್ ಕಟ್ಟುವವನು, ಸ್ಟೀಲ್ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

304 ಅಂದರೆ ಕ್ರೋಮಿಯಂ 18, ನಿಕಲ್ 8 ಪರ್ಸೆಂಟ್ ಲೆಕ್ಕ. 316ರಲ್ಲಿ ಮಾಲಿಬ್ಡಿನಂ 2ರಿಂದ 3 ಪರ್ಸೆಂಟ್ ಇರುತ್ತದೆ. ಉಪ್ಪಿನ ಎದುರು ತಡೆದು ನಿಲ್ಲೋದು ಆ ಮಾಲಿಬ್ಡಿನಂನಿಂದ. ಎಲ್ ಅಂತ ಸೇರಿದ್ದರೆ ಕಾರ್ಬನ್ 0.03 ಪರ್ಸೆಂಟ್‌ಗಿಂತ ಜಾಸ್ತಿ ಇರಲ್ಲ, ವೆಲ್ಡ್ ಪಕ್ಕದಲ್ಲಿ ಕೆಡೋದು ಕಡಿಮೆ. ಟ್ಯಾಂಕ್‌ಗೆ ಯಾವಾಗಲೂ ಎಲ್ ಇರೋದನ್ನೇ ಕೇಳಿ.

ಮಾರ್ಕೆಟ್‌ನಲ್ಲಿ ದೊಡ್ಡ ಮೋಸ ನಡೆಯೋದು 202 ಶೀಟ್‌ನಲ್ಲಿ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಹೊಳಪು ಹಾಗೇ ಇರುತ್ತದೆ, ನೋಡಿದರೆ ಗೊತ್ತಾಗಲ್ಲ. ಮ್ಯಾಗ್ನೆಟ್ ಹಿಡಿದು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಕೆಲಸಕ್ಕೆ ಬರಲ್ಲ, ಯಾಕಂದರೆ 202ಕ್ಕೂ ಮ್ಯಾಗ್ನೆಟ್ ಅಂಟಲ್ಲ. ಬಿಲ್‌ನಲ್ಲಿ ಗ್ರೇಡ್ ಬರೆಸಿ, ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಸರ್ಟಿಫಿಕೇಟಿನ ಹೀಟ್ ನಂಬರ್ (ಸ್ಟೀಲ್ ಕರಗಿಸಿದ ಬ್ಯಾಚಿನ ನಂಬರ್) ಶೀಟ್ ಮೇಲೆ ಪ್ರಿಂಟ್ ಆಗಿರೋದಕ್ಕೆ ಹೊಂದುತ್ತಾ ಅಂತ ಶೀಟ್ ಕತ್ತರಿಸುವ ಮೊದಲು ನೋಡಿ. ಅನುಮಾನ ಬಂದರೆ ಎಕ್ಸ್‌ಆರ್‌ಎಫ್ ಗನ್ (ಯಾವ ಲೋಹ ಎಷ್ಟಿದೆ ಅಂತ ತೋರಿಸುವ ಯಂತ್ರ) ಇಟ್ಟುಕೊಂಡಿರುವ ಟೆಸ್ಟಿಂಗ್ ಲ್ಯಾಬ್‌ಗೆ ಒಂದು ತುಂಡು ಒಯ್ಯಿರಿ, ಅಲ್ಲೇ ನಿಂತು ರಿಪೋರ್ಟ್ ತರಬಹುದು.

ಇನ್ನು ವೆಲ್ಡ್. ಹುಳಿ ಟ್ಯಾಂಕ್ ಸೋರೋದು ಸಾಮಾನ್ಯವಾಗಿ ಶೀಟ್ ಮಧ್ಯದಲ್ಲಲ್ಲ, ವೆಲ್ಡ್ ಪಕ್ಕದಲ್ಲಿ. ಆರ್ಗಾನ್ ವೆಲ್ಡಿಂಗ್ ಮಾಡುವಾಗ ಹಿಂದಿನ ಬದಿಗೂ ಆರ್ಗಾನ್ ಬಿಡಬೇಕು. ಬಿಡದಿದ್ದರೆ ಒಳಗಡೆ ನೀಲಿ, ಕಂದು ಬಣ್ಣದ ಪಟ್ಟಿ ಬರುತ್ತದೆ. ಆ ಬಣ್ಣ ಇರುವ ಜಾಗದಲ್ಲಿ ಸ್ಟೀಲ್‌ನ ರಕ್ಷಣೆ ಪದರ ಕೆಟ್ಟಿದೆ ಅಂತ ಅರ್ಥ. ಪಿಕ್ಲಿಂಗ್ ಪೇಸ್ಟ್ ಹಚ್ಚಿ ತೆಗೆದು, ಪ್ಯಾಸಿವೇಶನ್ (ಆ ರಕ್ಷಣೆ ಪದರ ಮತ್ತೆ ಬರಿಸುವ ಕೆಲಸ) ಮಾಡಿಸಿ, ಆಮೇಲೆ ಡೆಲಿವರಿ ತಗೊಳ್ಳಿ. ಪೇಸ್ಟ್‌ನಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಚರ್ಮಕ್ಕೆ ತಾಗಿದರೆ ಬಹಳ ಅಪಾಯ, ಅದನ್ನು ನೀವು ಊರಲ್ಲಿ ಮಾಡೋಕೆ ಹೋಗಬೇಡಿ. ಟಾರ್ಚ್ ಹಿಡಿದು ಮ್ಯಾನ್‌ಹೋಲ್‌ನಿಂದ ಒಳಗೆ ನೋಡಿ. ವೆಲ್ಡ್ ಉದ್ದಕ್ಕೂ ಬೆಳ್ಳಗೆ ಒಂದೇ ಬಣ್ಣ ಇರಬೇಕು, ಬೆರಳಾಡಿಸಿದರೆ ಗುಂಡಿ, ಸಂದಿ ಸಿಗಬಾರದು. ಕಬ್ಬಿಣಕ್ಕೆ ಬಳಸಿದ ಗ್ರೈಂಡಿಂಗ್ ಚಕ್ರ, ತಂತಿ ಬ್ರಷ್ ನಿಮ್ಮ ಟ್ಯಾಂಕ್‌ಗೆ ತಾಗಿಸಬೇಡಿ ಅಂತ ಮೊದಲೇ ಹೇಳಿ. ಆ ಕಬ್ಬಿಣದ ಪುಡಿ ಅಂಟಿಕೊಂಡು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.

ತಳ ಚಪ್ಪಟೆ ಬೇಡ. ಕೋನ್ ಇಲ್ಲವೇ ಒಂದು ಕಡೆ ಇಳಿಜಾರು ಮಾಡಿಸಿ, ಕೊನೆಯ ಹನಿಯೂ ಹೊರಗೆ ಬರಬೇಕು.

ಸಿದ್ದಾಪುರ_ಸೀಮೆ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಧನ್ಯವಾದ. ಸರ್, ನಮ್ಮ ಮನೆಗಳ ಸಿಪ್ಪೆಗೆ ಉಪ್ಪು ಹಾಕಲ್ಲ. ಆದರೆ ಮಳೆ ಜೋರಾದಾಗ ಅಟ್ಟದಲ್ಲಿ ಜಾಗ ಸಾಲಲ್ಲ. ಆಗ ಕೆಲವರು ಕೊಳೆಯದಿರಲಿ ಅಂತ ಹಸಿ ಸಿಪ್ಪೆಗೆ ಉಪ್ಪು ಹಾಕಿ ಡ್ರಮ್‌ನಲ್ಲಿ ಒತ್ತಿಡುತ್ತಾರೆ. ನೂರು ಲೀಟರ್ ರಸ ಬರುವಷ್ಟು ಸಿಪ್ಪೆಗೆ ಒಂದು ಕೆಜಿ ಇರಬಹುದು, ಜಾಸ್ತಿ ಇಲ್ಲ. ಇಷ್ಟಕ್ಕೂ ತೊಂದರೆನಾ? ಹಾಗಾದರೆ 316 ಎಲ್ ಮಾಡಿಸಿದರೆ ನಿಶ್ಚಿಂತೆ ಅಲ್ವಾ?

ರಸಾಯನ_ಮೈಸೂರು

ಲೆಕ್ಕ ಹಾಕೋಣ. ನೂರು ಲೀಟರ್‌ಗೆ ಒಂದು ಕೆಜಿ ಅಂದರೆ ಲೀಟರ್‌ಗೆ 10 ಗ್ರಾಂ ಉಪ್ಪು. ಉಪ್ಪಿನ ತೂಕದಲ್ಲಿ ಸುಮಾರು 60 ಪರ್ಸೆಂಟ್ ಕ್ಲೋರೈಡ್, ಸ್ಟೀಲನ್ನು ಕೆಡಿಸೋದು ಅದೇ. ಅಂದರೆ ಲೀಟರ್‌ಗೆ 6 ಗ್ರಾಂ, 6000 ಪಿಪಿಎಂ. ಸಾಮಾನ್ಯ ತಣ್ಣೀರಿಗೆ 304 ಸುಮಾರು 200 ಪಿಪಿಎಂ ಕ್ಲೋರೈಡ್‌ವರೆಗೆ, 316 ಸುಮಾರು 1000ದವರೆಗೆ ಅಂತ ಕೆಲಸದವರು ಇಟ್ಟುಕೊಂಡಿರುವ ಅಂದಾಜು. ಅದು ಹುಳಿ ಇಲ್ಲದ ನೀರಿಗೆ. ನಿಮ್ಮದು ಪಿಎಚ್ 2ರ ರಸ, ಇಲ್ಲಿ ಆ ಮಿತಿ ಇನ್ನೂ ಕೆಳಗೆ. ಬಿಸಿಯಾಗಿ ತುಂಬಿದರೆ ಮತ್ತೂ ಕೆಳಗೆ. ಮೇಲಿಂದ ನೀವು ರಸ ಕಾಯಿಸಿ ಗಟ್ಟಿ ಮಾಡುತ್ತೀರಿ. ನೀರು ಹೋಗುತ್ತದೆ, ಉಪ್ಪು ಹೋಗಲ್ಲ. ನಾಲ್ಕು ಪಟ್ಟು ಗಟ್ಟಿ ಮಾಡಿದರೆ ಕ್ಲೋರೈಡ್ 24,000 ಪಿಪಿಎಂ.

ಹಾಗಾಗಿ ಉಪ್ಪು ಬಿದ್ದ ರಸಕ್ಕೆ 316 ಎಲ್ ಕೂಡ ನಿಶ್ಚಿಂತೆ ಅಲ್ಲ. ಇಡೀ ಶೀಟ್ ಸವೆಯಲ್ಲ, ಸೂಜಿ ಮೊನೆಯಷ್ಟು ಜಾಗದಲ್ಲಿ ಕೊರೆದುಕೊಂಡು ಒಳಗೆ ಹೋಗುತ್ತದೆ. ಹೊರಗಿಂದ ನೋಡುವಾಗ ಟ್ಯಾಂಕ್ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಆ ತೂತಿನಿಂದ ಕಬ್ಬಿಣ, ನಿಕಲ್, ಕ್ರೋಮಿಯಂ ರಸಕ್ಕೆ ಬರುತ್ತಿರುತ್ತದೆ.

ನನ್ನ ಅಭಿಪ್ರಾಯ ಇದು. ಉಪ್ಪಿನ ಸಿಪ್ಪೆ, ಉಪ್ಪಿಲ್ಲದ ಸಿಪ್ಪೆ ಎರಡನ್ನೂ ಬೇರೆ ಬೇರೆ ಇಡಿ, ಒಂದೇ ಟ್ಯಾಂಕ್‌ಗೆ ಸುರಿಯಬೇಡಿ. ಕಾಯಿಸುವ ಪಾತ್ರೆ 316 ಎಲ್ ಇರಲಿ, ಅದಕ್ಕೆ ಉಪ್ಪಿಲ್ಲದ ರಸ ಮಾತ್ರ. ತುಂಬಿಡೋದಕ್ಕೆ ಎಚ್‌ಡಿಪಿಇ ತೆಗೆದುಕೊಳ್ಳಿ. ಭರಣಿಯಲ್ಲಿ ಉಪ್ಪಿನಕಾಯಿ ಇಟ್ಟ ಹಾಗೆ, ಹುಳಿಗೂ ಉಪ್ಪಿಗೂ ಅದು ಜಗ್ಗಲ್ಲ. ಖರ್ಚೂ ಕಡಿಮೆ. ಒಂದೇ ಷರತ್ತು ಬಿಸಿ. 60 ಡಿಗ್ರಿ ದಾಟಿದರೆ ಎಚ್‌ಡಿಪಿಇ ಮೆತ್ತಗಾಗಿ ಆಕಾರ ಕೆಡುತ್ತದೆ, ಬಿಸಿಯಲ್ಲಿ ಪ್ಲಾಸ್ಟಿಕ್‌ನಿಂದ ರಸಕ್ಕೆ ಇಳಿಯೋದೂ ಜಾಸ್ತಿ. ರಸ ಕೋಣೆಯ ಬಿಸಿಗೆ ಇಳಿದ ಮೇಲೇ ತುಂಬಿ. ಬಿಸಿಲು ಬೀಳದ ಜಾಗದಲ್ಲಿಡಿ.

ಕ್ವಾಲಿಟಿ_ಅಕ್ಕ

ನಾನು ಸಪ್ಲಿಮೆಂಟ್ ಕಚ್ಚಾ ಮಾಲಿನ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಲೋಡ್ ವಾಪಸ್ ಕಳಿಸುವ ಕಡೆಯವಳು. ಕೊಳ್ಳುವವರು ಯಾಕೆ ಇಷ್ಟು ಬಿಗಿ ಅಂತ ಗೊತ್ತಿರಲಿ. ಇದು ಸಾರಿಗೆ ಹಾಕುವ ಹುಳಿಯಲ್ಲ, ಜನ ಮಾತ್ರೆ ಮಾಡಿಕೊಂಡು ದಿನಾ ನುಂಗುತ್ತಾರೆ. 2009ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೈಡ್ರಾಕ್ಸಿಕಟ್ ಅನ್ನುವ ತೂಕ ಇಳಿಸುವ ಸಪ್ಲಿಮೆಂಟ್‌ನಿಂದ ಲಿವರ್‌ಗೆ ತೊಂದರೆ ಆಗುತ್ತಿದೆ ಅಂತ ಎಚ್ಚರಿಕೆ ಕೊಟ್ಟಿತ್ತು. ಅದರಲ್ಲಿ ಕೆಲವು ಬಗೆಗಳಲ್ಲಿ ಗಾರ್ಸಿನಿಯಾ, ಅಂದರೆ ಇದೇ ಉಪ್ಪಾಗೆಯ ಸಾರ, ಇತ್ತು. ತಪ್ಪು ಯಾವ ಪದಾರ್ಥದ್ದು ಅಂತ ಬೊಟ್ಟು ಮಾಡಿ ಹೇಳೋಕಾಗಲಿಲ್ಲ, ಆದರೆ ಆಮೇಲೆ ಈ ಸಾಲಿನ ಮಾಲು ಅಂದರೆ ಎಲ್ಲರೂ ಎರಡೆರಡು ಸಲ ನೋಡುತ್ತಾರೆ.

ಲೋಹದ ಲೆಕ್ಕದಲ್ಲಿ ಇನ್ನೊಂದು ಇದೆ. ನಿಮ್ಮ ರಸದಲ್ಲಿ ಸೀಸ ಕಡಿಮೆ ಕಾಣಬಹುದು. ಹತ್ತು ಕೆಜಿ ರಸ ಒಣಗಿ ಒಂದು ಕೆಜಿ ಪುಡಿ ಆದಾಗ ಅದು ಅಷ್ಟೇ ಪಟ್ಟು ಏರಬಹುದು. ಯುರೋಪಿಗೆ ಹೋಗುವ ಸಪ್ಲಿಮೆಂಟ್‌ಗೆ ಸೀಸದ ಮಿತಿ ಕೆಜಿಗೆ 3 ಮಿಲಿಗ್ರಾಂ. ಪುಡಿಯಲ್ಲಿ ಅದರೊಳಗೆ ಇರಬೇಕು ಅಂದರೆ ರಸದಲ್ಲಿ ಎಷ್ಟಿರಬೇಕು ನೀವೇ ನೋಡಿ.

ಪ್ಲಾಸ್ಟಿಕ್ ತಗೊಳ್ಳುವಾಗ ಫುಡ್ ಗ್ರೇಡ್ ಅಂತ ಬಾಯಿಮಾತು ಬೇಡ, ಕಾಗದ ಬೇಕು. ಆಹಾರಕ್ಕೆ ತಾಗುವ ಪಾಲಿಎಥಿಲೀನ್‌ಗೆ ಐಎಸ್ 10146 ಅಂತ ಭಾರತೀಯ ಸ್ಟ್ಯಾಂಡರ್ಡ್ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಒಟ್ಟು ಇಳಿಯೋದು ಕೆಜಿಗೆ 60 ಮಿಲಿಗ್ರಾಂ ಮೀರಬಾರದು ಅಂತ ಇದೆ. ಅದನ್ನು ನೋಡುವ ಪರೀಕ್ಷೆ ಐಎಸ್ 9845. ಆ ರಿಪೋರ್ಟ್ ಕೇಳಿದಾಗ ಯಾವ ದ್ರವದಲ್ಲಿ ಟೆಸ್ಟ್ ಮಾಡಿದ್ದಾರೆ ಅನ್ನೋದನ್ನು ಓದಿ. ಬರೀ ನೀರಿನಲ್ಲಿ ಮಾಡಿದ್ದರೆ ನಿಮಗೆ ಪ್ರಯೋಜನ ಇಲ್ಲ. ಹುಳಿ ಪದಾರ್ಥಕ್ಕೆ 3 ಪರ್ಸೆಂಟ್ ಅಸಿಟಿಕ್ ಆಸಿಡ್‌ನಲ್ಲಿ ಮಾಡಿರಬೇಕು, ತಿಂಗಳುಗಟ್ಟಲೆ ಇಡುವ ಮಾಲಾದರೆ 40 ಡಿಗ್ರಿಯಲ್ಲಿ 10 ದಿನ ಇಟ್ಟು ನೋಡಿದ ರಿಪೋರ್ಟ್ ಇರಬೇಕು.

ಕಪ್ಪು ನೀರಿನ ಟ್ಯಾಂಕ್ ಬೇಡ ಅನ್ನೋದು ಇದಕ್ಕೇ. ಅದು ಐಎಸ್ 12701ರ ಪ್ರಕಾರ ನೀರಿಗೆ ಅಂತ ಮಾಡಿದ್ದು, ಪಿಎಚ್ 2ರ ರಸವನ್ನು ಮೂರು ತಿಂಗಳು ಇಡಲಿಕ್ಕಲ್ಲ. ಹಳೆ ನೀಲಿ ಬ್ಯಾರಲ್ ಅಂತೂ ಮುಟ್ಟಲೇಬೇಡಿ. ಮೊದಲು ಅದರಲ್ಲಿ ಏನಿತ್ತು ಅಂತ ಮಾರುವವನಿಗೂ ಗೊತ್ತಿರಲ್ಲ. ಪ್ಲಾಸ್ಟಿಕ್ ಹಳೆಯ ಕೆಮಿಕಲ್ಲನ್ನು ಒಳಗೆ ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ಹೋಗಲ್ಲ. ಹೊಸ ಸಾವಿರ ಲೀಟರ್ ಐಬಿಸಿ ಟ್ಯಾಂಕ್ ಸಿಗುತ್ತದೆ, ಹೊರಗೆ ಕಬ್ಬಿಣದ ಪಂಜರ, ಒಳಗೆ ಬಿಳಿ ಎಚ್‌ಡಿಪಿಇ. ಅದನ್ನೇ ಲಾರಿಗೆ ಏರಿಸಬಹುದು, ಒಂದರಿಂದ ಇನ್ನೊಂದಕ್ಕೆ ಸುರಿಯುವ ಕೆಲಸವೇ ಇಲ್ಲ. "ರೀಕಂಡೀಶನ್ಡ್" ಅಂತ ಇದ್ದರೆ ಬೇಡ.

ಇನ್ನೊಂದು ದೊಡ್ಡ ಎಚ್ಚರಿಕೆ. ಟ್ಯಾಂಕ್ ಸರಿಯಾಗಿದ್ದು ವಾಲ್ವ್ ಹಿತ್ತಾಳೆದಾಗಿದ್ದ ಲೋಡನ್ನು ನಾನು ನೋಡಿದ್ದೇನೆ. ತಳದ ನಲ್ಲಿಯಲ್ಲಿ ರಸ ನಿಂತೇ ಇರುತ್ತದೆ. ಬಿಚ್ಚಿ ನೋಡಿದಾಗ ಒಳಗಿನ ಚೆಂಡಿನ ಸುತ್ತ ಹಸಿರು ಕಿಲುಬು ಕಟ್ಟಿತ್ತು, ರಸ ತಾಗುವ ಅಂಚು ಮಾತ್ರ ತಿಕ್ಕಿ ತೊಳೆದ ಹಾಗೆ ಕೆಂಪಗಿತ್ತು. ಆ ಲೋಡಿನ ತಾಮ್ರದ ಲೆಕ್ಕ ಕೈ ಮೀರಿತ್ತು, ಹಿತ್ತಾಳೆಯಲ್ಲಿ ಸೀಸವೂ ಇರುತ್ತದಲ್ಲ, ಅದೂ ಬಂದಿತ್ತು. ರಸ ಎಲ್ಲೆಲ್ಲಿ ತಾಗುತ್ತದೋ ಅದೆಲ್ಲವನ್ನೂ ನೋಡಬೇಕು. ವಾಲ್ವ್, ನಿಪ್ಪಲ್, ಪಂಪ್, ಲೆವೆಲ್ ನೋಡುವ ಗಾಜಿನ ಕೆಳಗಿನ ಕಾಕ್, ಪೈಪ್, ವಾಷರ್ ಎಲ್ಲ. ವಾಲ್ವ್ 316 ಇಲ್ಲವೇ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್), ವಾಷರ್ ಫುಡ್ ಗ್ರೇಡ್ ಸಿಲಿಕೋನ್ ಇಲ್ಲವೇ ಟೆಫ್ಲಾನ್ ಇರಲಿ. ಗಾಡಿ ಟ್ಯೂಬ್ ಕತ್ತರಿಸಿ ವಾಷರ್ ಮಾಡೋದು ನಡೆಯಲ್ಲ.

ತೀರ್ಥಹಳ್ಳಿ_ಹುಡುಗ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾವು ಮುರುಗಲು ಸಿರಪ್ ಮಾಡುವವರು. ಟ್ಯಾಂಕ್ ತೊಳೆಯುವಾಗ ಬ್ಲೀಚಿಂಗ್ ಪೌಡರ್ ಬಳಸಬೇಡಿ. ತಳದಲ್ಲಿ ಹುಳಿ ಉಳಿದಿರುವಾಗ ಬ್ಲೀಚಿಂಗ್ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಜಾಗದಲ್ಲಿ ಜೀವಕ್ಕೇ ಅಪಾಯ. ಸ್ಟೀಲ್ ಪಾತ್ರೆಗೂ ಅದರ ಕ್ಲೋರೈಡ್ ಕೆಟ್ಟದ್ದು. ಮೊದಲು ಬರೀ ನೀರು, ಆಮೇಲೆ ಸೋಪಿನ ಥರದ ಕ್ಷಾರದ ಕ್ಲೀನರ್, ಮತ್ತೆ ನೀರು, ಕೊನೆಗೆ ಪೂರ್ತಿ ಒಣಗಿಸೋದು.

ಮತ್ತೆ ತೊಳೆಯಲು ಅಂತ ಯಾರನ್ನೂ ಟ್ಯಾಂಕ್ ಒಳಗೆ ಇಳಿಸಬೇಡಿ. ತೆಳು ರಸ ಹುದುಗಿದರೆ ಕಾರ್ಬನ್ ಡೈಆಕ್ಸೈಡ್ ತಳದಲ್ಲಿ ತುಂಬಿರುತ್ತದೆ, ಕಣ್ಣಿಗೆ ಕಾಣಲ್ಲ, ಇಳಿದವರು ಅಲ್ಲೇ ಕುಸಿಯುತ್ತಾರೆ, ಎತ್ತಲು ಹೋದವರೂ ಕುಸಿಯುತ್ತಾರೆ. ಹೊರಗಿನಿಂದಲೇ ಉದ್ದ ಕೋಲಿನ ಬ್ರಷ್, ಪ್ರೆಶರ್ ಪೈಪ್ ಹಿಡಿದು ತೊಳೆಯುವ ಹಾಗೆ ಬಾಯಿ ಅಗಲ ಇಡಿಸಿ. ಮುಚ್ಚಳಕ್ಕೆ ಗಾಳಿ ಹೋಗುವ ವೆಂಟ್ ಬೇಕು, ಅದಕ್ಕೆ ಹುಳು ಬರದ ಹಾಗೆ ಸಣ್ಣ ಜಾಲರಿ ಇರಲಿ. ಬಿಗಿಯಾಗಿ ಮುಚ್ಚಿದರೆ ಹುದುಗಿದಾಗ ಡ್ರಮ್ ಊದಿಕೊಳ್ಳುತ್ತದೆ.

ಸಿದ್ದಾಪುರ_ಸೀಮೆ

ವಾಲ್ವ್ ವಿಷಯ ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಗ್ಯಾಸ್ ವಿಷಯ ಇವತ್ತೇ ಎಲ್ಲ ಮನೆಗೂ ಹೇಳುತ್ತೇನೆ, ನಮ್ಮಲ್ಲಿ ತೊಳೆಯೋದಕ್ಕೆ ಹುಡುಗರನ್ನು ಒಳಗೆ ಇಳಿಸುವ ರೂಢಿ ಇದೆ.

ಮಾತಾಡಿಕೊಂಡು ಹೀಗೆ ಅಂದುಕೊಂಡಿದ್ದೇವೆ. ಸ್ಟೀಲ್ ಟ್ಯಾಂಕ್ ಬಿಡೋದು, ಹೊಸ ಐಬಿಸಿ ಎರಡು ತರೋದು, ಉಳಿದ ದುಡ್ಡಿನಲ್ಲಿ ಕಾಯಿಸುವ ಪಾತ್ರೆ 316 ಎಲ್‌ನಲ್ಲಿ ಮಾಡಿಸೋದು. ಉಪ್ಪಿನ ಸಿಪ್ಪೆಯನ್ನು ಮೊದಲಿನ ಹಾಗೆ ಅಡುಗೆಗೆ ಅಂತ ಮಾರೋದು, ರಸಕ್ಕೆ ಹಾಕಲ್ಲ. ಆದರೂ ಯಾರ ಮನೆಯ ಸಿಪ್ಪೆಯಲ್ಲಾದರೂ ಉಪ್ಪು ಇದ್ದರೆ ನಮಗೆ ಗೊತ್ತಾಗೋದು ಹೇಗೆ? ರುಚಿ ನೋಡಿ ಹೇಳೋಕಾಗಲ್ಲ, ಅಷ್ಟು ಹುಳಿ.

ರಸಾಯನ_ಮೈಸೂರು

ಕ್ಲೋರೈಡ್ ಟೆಸ್ಟ್ ಸ್ಟ್ರಿಪ್ ಸಿಗುತ್ತದೆ, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಪ್ರತಿ ಮನೆಯ ಸಿಪ್ಪೆಯಿಂದ ಸ್ವಲ್ಪ ತೆಗೆದು, ಗೊತ್ತಿರುವ ಅಳತೆಯ ಬಾಟಲಿ ನೀರಿನಲ್ಲಿ ನೆನೆಸಿ, ಸೋಸಿ, ಸ್ಟ್ರಿಪ್ ಅದ್ದಿ. ಅದೇ ನೀರಿಗೂ ಒಂದು ಸ್ಟ್ರಿಪ್ ಅದ್ದಿ ಹೋಲಿಸಿ, ನೀರಿನದೇ ಕ್ಲೋರೈಡ್ ಇರಬಹುದು. ರಸದ ಬಣ್ಣಕ್ಕೆ ಓದಲು ಕಷ್ಟ ಆದರೆ ಹತ್ತು ಪಟ್ಟು ನೀರು ಸೇರಿಸಿ ನೋಡಿ, ಆಮೇಲೆ ಹತ್ತರಿಂದ ಗುಣಿಸಿ.

ಪಾತ್ರೆ ಮಾಡಿಸುವಾಗ ಅದೇ ಶೀಟ್‌ನ ಅಂಗೈಯಷ್ಟು ತುಂಡಿಗೆ ಅದೇ ಕೈಯಿಂದ ಒಂದು ವೆಲ್ಡ್ ಹಾಕಿಸಿಕೊಳ್ಳಿ. ಒಣಗಿಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ನಿಮ್ಮದೇ ರಸದ ಗಾಜಿನ ಬಾಟಲಿಯಲ್ಲಿ ಒಂದು ತಿಂಗಳು ಮುಳುಗಿಸಿಡಿ, ಪಕ್ಕದಲ್ಲಿ ತುಂಡಿಲ್ಲದ ಇನ್ನೊಂದು ಬಾಟಲಿ ರಸ ಇಡಿ. ಆಮೇಲೆ ತುಂಡನ್ನು ತೊಳೆದು ಒಣಗಿಸಿ ಮತ್ತೆ ತೂಗಿ ನೋಡಿ, ಎರಡೂ ಬಾಟಲಿಯ ರಸವನ್ನು ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್‌ಗೆ ಕಳಿಸಿ ಕಬ್ಬಿಣ, ಕ್ರೋಮಿಯಂ, ನಿಕಲ್ ನೋಡಿಸಿ. ಐಬಿಸಿಯಿಂದಲೂ ತುಂಬಿದ ದಿನ ಒಂದು ಬಾಟಲಿ, ಲಾರಿ ಬರುವ ದಿನ ಒಂದು ಬಾಟಲಿ ತೆಗೆದಿಡಿ. ನಾಳೆ ಯಾರಾದರೂ ಲೋಹ ಜಾಸ್ತಿ ಇದೆ ಅಂತ ತಕರಾರು ತೆಗೆದರೆ ಅದು ಬಂದಿದ್ದು ಸಿಪ್ಪೆಯಿಂದಲೋ, ನಿಮ್ಮ ಟ್ಯಾಂಕಿನಿಂದಲೋ, ಅವರ ಲಾರಿಯಿಂದಲೋ ಅಂತ ಆ ಎರಡು ಬಾಟಲಿ ಇಟ್ಟುಕೊಂಡು ಮಾತಾಡಬಹುದು.

ಕ್ವಾಲಿಟಿ_ಅಕ್ಕ

ಬಾಟಲಿ ಗಾಜಿನದ್ದಾದರೆ ಮುಚ್ಚಳದ ಒಳಗಡೆ ತಗಡು ಇರಬಾರದು, ಪ್ಲಾಸ್ಟಿಕ್ ಮುಚ್ಚಳ ಹಾಕಿ. ದಿನಾಂಕ, ಯಾವ ಟ್ಯಾಂಕ್, ಯಾರ ಯಾರ ಮನೆಯ ಸಿಪ್ಪೆ ಅನ್ನೋದನ್ನು ಬಾಟಲಿ ಮೇಲೆ ಬರೆದು, ಅದನ್ನೇ ಪುಸ್ತಕದಲ್ಲೂ ಬರೆದಿಡಿ. ಕೊಳ್ಳುವವರು ನೋಡಲು ಬಂದಾಗ ಮೊದಲು ಕೇಳೋದು ಆ ಪುಸ್ತಕ.